ಶುಗರ್ರಿಗಲ್ಲ, ಕುಣಿಯೋಕೆ

ನಮ್ ಕಾಗದನಗರದಲ್ಲಿ ಐವತ್ತು ದಾಟಿದ ಮೇಲೆ ಭರತನಾಟ್ಯದ ಕ್ಲಾಸಿಗೆ ಸೇರಿದ ಹೆಂಗಸರು ನಾಲ್ಕೈದು ಜನ ಇದೀವಿ. ಮನೇಲಿ ನಿಜ ಹೇಳಿ ಬರೋರು ಮಾತ್ರ ಕಮ್ಮಿ. "ಡಾಕ್ಟ್ರು ಎಕ್ಸರ್‌ಸೈಜ್ ಮಾಡಿ ಅಂದಿದಾರೆ", "ಶುಗರ್ ಜಾಸ್ತಿಯಾಗಿದೆ", "ಮೈ ಇಳಿಸ್ಬೇಕು" ಅಂತ ಒಬ್ಬೊಬ್ಬರದು ಒಂದೊಂದು ನೆಪ. ಕುಣಿಯೋಕೆ ಆಸೆ ಅಂತ ಬಾಯಿಬಿಟ್ಟು ಹೇಳೋಕೆ ಸಂಕೋಚ. ನಂಗೆ ಈ ನೆಪ ಸುತರಾಂ ಒಪ್ಪಿಗೆಯಿಲ್ಲ.

ಯಾಕೆ ಅಂದ್ರೆ, ನಮ್ ಹಿಂದಿನ ಲೈನಿನ ಅತ್ತಿಗೆಯೊಬ್ರು ಶುಗರ್ ಹೆಸರಲ್ಲೇ ಸೇರಿದ್ರು. ಆರು ತಿಂಗಳಲ್ಲಿ ತಟ್ಟಡವು ಮುಗಿಸಿ ನಾಟಡವಿಗೆ ಬಂದ್ರು. ಅಷ್ಟೊತ್ತಿಗೆ ರಿಪೋರ್ಟಲ್ಲಿ ಶುಗರ್ ಇಳೀತು. ಮನೇಲಿ ಏನಂದ್ರು ಗೊತ್ತಾ? "ಇಳೀತಲ್ಲ, ಇನ್ಯಾಕೆ? ಬೆಳಿಗ್ಗೆ ವಾಕಿಂಗ್ ಹೋದ್ರೆ ಸಾಕು, ಅದಕ್ಕೆ ಫೀಸಿಲ್ಲ." ಅವರ ಲೆಕ್ಕ ಸರಿಯಾಗೇ ಇದೆ ನೋಡಿ. ಔಷಧಿ ಅಂತ ಹೇಳಿದ್ದನ್ನ ಕಾಯಿಲೆ ವಾಸಿಯಾದ ಮೇಲೆ ನಿಲ್ಲಿಸದೆ ಇನ್ನೇನ್ ಮಾಡ್ತಾರೆ? ಅತ್ತಿಗೆ ಈಗ ಬರ್ತಿಲ್ಲ. ಅಭ್ಯಾಸಕ್ಕೆ ಉಡ್ತಿದ್ದ ಕಾಟನ್ ಸೀರೆ ಟ್ರಂಕು ಸೇರಿದೆಯಂತೆ.

ಮೂಳೆ ಬಲಿತ ಮೇಲೆ ಎಂಥ ಡ್ಯಾನ್ಸು ಅನ್ನೋರಿಗೆ ಒಂದು ವಿಷಯ. ಮದ್ರಾಸಿನ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದ್ದು 1904ರಲ್ಲಿ. ಅವರು ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬ್ಯಾಲೆ ಕಲಿಯೋಕೆ ಹೊರಟ್ರು. ಬ್ಯಾಲೆ ಅಂದ್ರೆ ಕಾಲ್ಬೆರಳ ತುದೀಲಿ ನಿಂತು ಆಡೋ ಆ ಪಶ್ಚಿಮದ ನಾಟ್ಯ, ಟಿವೀಲಿ ನೋಡಿರ್ತೀರ. ರಷ್ಯಾದ ಅನ್ನಾ ಪಾವ್ಲೋವಾ ತಂಡದೋರೇ ಹೇಳಿಕೊಟ್ರು. ನಿಮ್ಮ ದೇಶದ ನಾಟ್ಯ ನೋಡಿ ಅಂತ ಆ ಪಾವ್ಲೋವಾನೇ ಅಂದ್ರಂತೆ. ಆಮೇಲೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆ ಹತ್ರ ಭರತನಾಟ್ಯ ಕಲಿತು, 1935ರಲ್ಲಿ ಅಡ್ಯಾರಿನಲ್ಲಿ ಪ್ರದರ್ಶನ ಕೊಟ್ಟಾಗ ವಯಸ್ಸು ಮೂವತ್ತೊಂದು. ಮಾರನೇ ವರ್ಷ ಕಲಾಕ್ಷೇತ್ರ ಶುರು. ನಮ್ ಎಂಪಿಎಂ ಹುಟ್ಟಿದ್ದೂ ಅದೇ 1936ರಲ್ಲಿ, ಹೇಳ್ದೆ ಅಷ್ಟೆ!

ಮೂವತ್ತೊಂದೆಲ್ಲಿ, ಐವತ್ನಾಲ್ಕೆಲ್ಲಿ ಅಂತೀರ. ಸರಿ, ನಾವೇನೂ ರಂಗಪ್ರವೇಶಕ್ಕೆ ಹೊರಟಿಲ್ಲ. ಅರೆಮಂಡಿ ಹತ್ತು ವರ್ಷದ ಹುಡುಗಿಯಷ್ಟು ಕೆಳಗೆ ಬರಲ್ಲ. ಮಂಡಿ ಪಾದದ ಬೆರಳಿನ ದಿಕ್ಕಿಗೇ ಬಾಗ್ಬೇಕು, ಬೆನ್ನು ನೆಟ್ಟಗಿರ್ಬೇಕು, ಎಷ್ಟು ಬರುತ್ತೋ ಅಷ್ಟೇ ಕೂರ್ಬೇಕು. ಟೈಲ್ಸ್ ನೆಲದ ಮೇಲೆ ರಭಸವಾಗಿ ತಟ್ಟಬಾರದು. ಮೂರನೇ ಕಾಲಕ್ಕೆ ಉಸಿರು ಸಾಲಲ್ಲ. ಆದ್ರೂ "ತೈ ಯಾ ತೈ" ಅಂತ ಹೇಳ್ತಾ ಹೇಳ್ತಾ ಎಡ ಬಲ ತಪ್ಪದೆ ಎಂಟೂ ತಟ್ಟಡವು ಮುಗಿದ ದಿನ ಮನೆವರೆಗೂ ಕಾಲು ಅದೇ ಲೆಕ್ಕದಲ್ಲಿ ಬೀಳ್ತಿತ್ತು ಕಣ್ರೀ.

ಕಲಿಸೋರೂ ಸ್ವಲ್ಪ ಯೋಚನೆ ಮಾಡ್ಬೇಕು. ಮೊದಲು ವಿಚಾರಿಸಿದ ಒಂದು ಕಡೆ, "ನಿಮಗ್ಯಾಕೆ ಅಡವು, ಒಂದು ದೇವರನಾಮಕ್ಕೆ ಸ್ಟೆಪ್ ಹಾಕಿಕೊಡ್ತೀನಿ, ಮಹಿಳಾ ದಿನಾಚರಣೆಗೆ ಆಗುತ್ತೆ" ಅಂದ್ರು. ಅದು ಪ್ರೀತಿಯಿಂದ ಹೇಳಿದ್ದೇ ಇರಬಹುದು. ಆದ್ರೆ ಫೀಸ್ ಕೊಟ್ಟು ಕೂತೋರಿಗೆ ಅ ಆ ಇ ಈ ಬಿಟ್ಟು ಸಹಿ ಮಾಡೋದಷ್ಟೇ ಕಲಿಸಿದ ಹಾಗಾಯ್ತಲ್ವಾ?

ಅದೂ ಅಲ್ದೆ, ವಯಸ್ಸಾದ ಮೇಲೇ ಚೆನ್ನಾಗಿ ಬರೋ ಭಾಗಾನೂ ಇದರಲ್ಲಿದೆ. ನಮ್ ಕಡೂರಿನ ಕಡೆ ತಾಂಡ್ಯದಲ್ಲಿ ಹುಟ್ಟಿದ ವೆಂಕಟಲಕ್ಷಮ್ಮ ಎಂಟನೇ ವಯಸ್ಸಿಗೇ ಮೈಸೂರಿನ ಜಟ್ಟಿ ತಾಯಮ್ಮನ ಹತ್ರ ಸೇರಿದೋರು, ನಿಜ. ಆದ್ರೆ ಅವರ ಹೆಸರು ನಿಂತಿರೋದು ಅಭಿನಯದಲ್ಲಿ. ಮುಪ್ಪಲ್ಲೂ ಕೂತ ಜಾಗದಲ್ಲೇ ಕಣ್ಣು, ಕೈಯಲ್ಲಿ ಎಲ್ಲಾ ತೋರಿಸ್ತಿದ್ರು. ಪದ್ಮಭೂಷಣ ಬಂದಿದ್ದು 1992ರಲ್ಲಿ, ಎಂಬತ್ತು ದಾಟಿದ ಮೇಲೆ. ಬರ್ತೀನಿ ಅಂದೋರು ಬರದೇ ಇದ್ದಾಗ ಆಗೋ ಸಿಟ್ಟು, ಸಂಕಟ ಚಿಕ್ ಹುಡುಗೀರಿಗೆ ಎಷ್ಟು ಹೇಳಿಕೊಟ್ರೂ ಮುಖಕ್ಕೆ ಬರಲ್ಲ. ಮೂರು ಶಿಫ್ಟಿಗೂ ಡಬ್ಬಿ ಕಟ್ಟಿ ಬಾಗಿಲು ಕಾದ ನಮಗೆ ಅದನ್ನ ಹೇಳಿಕೊಡೋದೇ ಬೇಡ. ತಾಳಕ್ಕೆ ಸರಿಯಾಗಿ ತೋರಿಸೋದು ಮಾತ್ರ ಕಲೀಬೇಕು, ಅದೇ ಕಷ್ಟ.

ಮಿಲ್ ನಿಂತು ವರ್ಷಗಳಾದ್ವು, ಮಕ್ಕಳು ಬೆಂಗಳೂರು ಸೇರಿದ್ರು. ನಾನು ಮನೇಲಿ ಹೇಳಿದ್ದಿಷ್ಟೇ: "ಮಂಗಳವಾರ, ಶುಕ್ರವಾರ ಸಂಜೆ ನಂಗೆ ಡ್ಯಾನ್ಸ್ ಕ್ಲಾಸಿದೆ. ಡಿಕಾಕ್ಷನ್ ಹಾಕಿಟ್ಟಿರ್ತೀನಿ, ಹಾಲು ಕಾಯಿಸ್ಕೊಳ್ಳಿ." "ಯಾತಕ್ಕೆ ಡ್ಯಾನ್ಸು?" ಅಂದ್ರು ಯಜಮಾನ್ರು. "ಇಷ್ಟ" ಅಂದೆ. ಎರಡು ದಿನ ಮಾತಿಲ್ಲ. ಮೂರನೇ ವಾರದಿಂದ ಹಾಲು ಉಕ್ಕಿಸ್ದೆ ಕಾಯಿಸ್ತಿದಾರೆ.