ಯೋಧನ ಬಾಯಿಗೆ ಬೀಗ. ಸೋರಿದ್ದು ಬೇರೆ ಬಾಗಿಲಲ್ಲಿ

ಅಮೆರಿಕದ ರಕ್ಷಣಾ ಸಚಿವ ಪೀಟ್ ಹೆಗ್ಸೆತ್ ಅವರು 2025ರ ಮಾರ್ಚ್‌ನಲ್ಲಿ ಯೆಮೆನ್ ಮೇಲಿನ ದಾಳಿಯ ವೇಳಾಪಟ್ಟಿಯನ್ನು ‘ಸಿಗ್ನಲ್’ ಆ್ಯಪ್‌ನ ಗುಂಪೊಂದರಲ್ಲಿ ಹಂಚಿಕೊಂಡರು. ಆ ಗುಂಪಿನಲ್ಲಿ ಪತ್ರಕರ್ತರೊಬ್ಬರು ಪ್ರಮಾದವಶಾತ್ ಸೇರಿಕೊಂಡಿದ್ದರು. ಈ ಸಂಗತಿ ಬಯಲಾದಾಗ ನನಗೆ ಹಳೆಯ ಪ್ರಕರಣವೊಂದು ನೆನಪಾಯಿತು. ಅದೇ ದೇಶದ ಸೇನೆ ಸುಮಾರು ಎರಡು ದಶಕಗಳ ಹಿಂದೆ, ರಹಸ್ಯ ಸೋರಿಹೋಗುತ್ತದೆಂಬ ಭಯದಿಂದ, ಸಾಮಾನ್ಯ ಸೈನಿಕನ ಬ್ಲಾಗಿಗೆ ಕಡಿವಾಣ ಹಾಕಲು ಹೊರಟಿತ್ತು.

ಹಿಂದಿನ ಯುದ್ಧಗಳಲ್ಲಿ ಸೈನಿಕ ಮನೆಗೆ ಕಾಗದ ಬರೆಯುತ್ತಿದ್ದ. 2003ರಲ್ಲಿ ಆರಂಭವಾದ ಇರಾಕ್ ಯುದ್ಧದಲ್ಲಿ ಆತ ಲೋಕಕ್ಕೇ ಬರೆಯತೊಡಗಿದ. ಮೋಸುಲ್ ನಗರದಲ್ಲಿ ನಿಯುಕ್ತನಾಗಿದ್ದ ಕೋಲ್ಬಿ ಬಝೆಲ್ ಎಂಬ ಸೈನಿಕ 2004ರಲ್ಲಿ ಅಂತರಜಾಲದಲ್ಲಿ ಬರೆದ ಟಿಪ್ಪಣಿಗಳು ಮರುವರ್ಷವೇ ‘ಮೈ ವಾರ್’ ಎಂಬ ಪುಸ್ತಕವಾದವು. ಸೇನೆಯ ಪ್ರಕಟಣೆ ಕೆಲವೇ ಸಾಲುಗಳಲ್ಲಿ ಮುಗಿಸುವ ಕದನವನ್ನು ಅದರೊಳಗಿದ್ದವನ ಬಾಯಿಂದಲೇ ಕೇಳುವ ಅವಕಾಶ ಓದುಗರಿಗೆ ದೊರೆಯಿತು. ಭಯ, ಬೇಸರ, ಹಾಸ್ಯ ಎಲ್ಲವೂ ಅಲ್ಲಿದ್ದವು.

ಇದು ಬಹುಕಾಲ ನಡೆಯಲಿಲ್ಲ. 2007ರ ಏಪ್ರಿಲ್‌ನಲ್ಲಿ ಅಮೆರಿಕದ ಭೂಸೇನೆ ತನ್ನ ಗೋಪ್ಯತಾ ನಿಯಮಾವಳಿಯನ್ನು ಪರಿಷ್ಕರಿಸಿತು. ಬ್ಲಾಗ್ ಸೇರಿದಂತೆ ಸಾರ್ವಜನಿಕವಾಗಿ ಏನನ್ನೇ ಪ್ರಕಟಿಸುವ ಮುನ್ನ ಸೈನಿಕ ತನ್ನ ಮೇಲಧಿಕಾರಿಯನ್ನು ಕೇಳಬೇಕೆಂಬುದು ಅದರ ಸಾರ. ವಿರೋಧ ಎದ್ದಾಗ, ಪ್ರತಿಯೊಂದು ಬರಹಕ್ಕೂ ಅನುಮತಿ ಬೇಕಿಲ್ಲವೆಂದು ಸೇನೆ ಸ್ಪಷ್ಟೀಕರಣ ನೀಡಿತು. ಆದರೆ ಮೇ ತಿಂಗಳಲ್ಲಿ ರಕ್ಷಣಾ ಇಲಾಖೆ ಯೂಟ್ಯೂಬ್, ಮೈಸ್ಪೇಸ್ ಸೇರಿದಂತೆ 13 ಜಾಲತಾಣಗಳನ್ನು ತನ್ನ ಜಾಲದಲ್ಲಿ ನಿರ್ಬಂಧಿಸಿತು. 2008ರ ಆರಂಭದಲ್ಲಿ ವಾಯುಸೇನೆಯೂ ತನ್ನ ಸಿಬ್ಬಂದಿ ಬ್ಲಾಗ್‌ಗಳನ್ನು ಓದದಂತೆ ವ್ಯಾಪಕ ತಡೆ ಹಾಕಿತು. ಬರೆಯುವುದಿರಲಿ, ಓದುವುದಕ್ಕೂ ತಡೆ!

ಸೇನೆಯ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಶತ್ರುವಿಗೆ ಇಡೀ ರಹಸ್ಯ ಒಂದೇ ಕಡೆ ಸಿಗಬೇಕೆಂದಿಲ್ಲ. ಒಬ್ಬನ ಬರಹದಲ್ಲಿ ಊರಿನ ಹೆಸರು, ಇನ್ನೊಬ್ಬನ ಚಿತ್ರದಲ್ಲಿ ಹಾನಿಗೊಂಡ ವಾಹನ, ಮತ್ತೊಬ್ಬನ ಮಾತಿನಲ್ಲಿ ಪಹರೆಯ ಸಮಯ ಸಿಕ್ಕರೆ ಸಾಕು, ಆತ ಜೋಡಿಸಿಕೊಳ್ಳುತ್ತಾನೆ. ಅಂಥ ಅಜಾಗರೂಕತೆಗೆ ಬೆಲೆ ತೆರುವವರು ಜೊತೆಗಾರ ಸೈನಿಕರೇ. ಆದ್ದರಿಂದ ನಿಯಮವೇ ಬೇಡವೆಂಬುದು ನನ್ನ ವಾದವಲ್ಲ. ಅಪಾಯ ಇದ್ದದ್ದು ಎಲ್ಲಿ, ನಿಯಮ ಬಿದ್ದದ್ದು ಎಲ್ಲಿಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಸೇನೆಯ ಕಡತದಲ್ಲೇ ಇತ್ತು. ನಾಗರಿಕ ಹಕ್ಕುಗಳ ಸಂಸ್ಥೆಯೊಂದು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಹೋರಾಡಿ 2007ರಲ್ಲಿ ಪಡೆದ ದಾಖಲೆಗಳ ಪ್ರಕಾರ, 2006ರ ಜನವರಿಯಿಂದ ಒಂದು ವರ್ಷ ಭೂಸೇನೆಯ ಪರಿಶೀಲನಾ ಘಟಕ ಜಾಲತಾಣಗಳನ್ನು ಜಾಲಾಡಿತ್ತು. ಸೇನೆಯ 878 ಅಧಿಕೃತ ತಾಣಗಳಲ್ಲಿ ಗೋಪ್ಯತಾ ನಿಯಮದ 1,813 ಉಲ್ಲಂಘನೆಗಳು ಕಂಡುಬಂದವು. 594 ಖಾಸಗಿ ಬ್ಲಾಗ್‌ಗಳಲ್ಲಿ ಕಂಡದ್ದು ಹೆಚ್ಚೆಂದರೆ 28. ಅಧಿಕೃತ ತಾಣಗಳು ಗಾತ್ರದಲ್ಲಿ ದೊಡ್ಡವು, ಹೋಲಿಕೆ ಪೂರ್ತಿ ಸಮವಲ್ಲ, ನಿಜ. ಆದರೂ ಸೈನಿಕ ತನ್ನ ಜೀವದ ಬೆಲೆ ಅರಿತೇ ಬರೆಯುತ್ತಿದ್ದನೆಂಬುದು ಸ್ಪಷ್ಟ. ಮಾಳಿಗೆ ಸೋರುತ್ತಿದ್ದಾಗ ಕಿಟಕಿ ಮುಚ್ಚಿದಂತಾಯಿತು ಸೇನೆಯ ಕ್ರಮ.

ಇಂಥ ನಿಯಮಗಳು ರಹಸ್ಯವನ್ನು ಕಾಯುವ ಹೆಸರಿನಲ್ಲಿ ಮುಜುಗರವನ್ನೂ ಕಾಯುತ್ತವೆ ಎಂಬ ಶಂಕೆ ನನ್ನದು. 2008ರಲ್ಲಿ ಇರಾಕಿನಲ್ಲಿದ್ದ ಮ್ಯಾಟ್ ಗ್ಯಾಲಗರ್ ಎಂಬ ಅಧಿಕಾರಿಯ ಜನಪ್ರಿಯ ಬ್ಲಾಗ್ ಮುಚ್ಚಿಹೋಯಿತು. ಬಡ್ತಿಯ ವಿಚಾರದಲ್ಲಿ ಮೇಲಧಿಕಾರಿಯೊಡನೆ ನಡೆದ ಮಾತುಕತೆಯನ್ನು ಪೂರ್ವಾನುಮತಿಯಿಲ್ಲದೆ ಪ್ರಕಟಿಸಿದ್ದು ಅದಕ್ಕೆ ಕಾರಣ. ನಿಯಮ ಮುರಿದದ್ದು ಹೌದು. ಆದರೆ ಬಡ್ತಿಯ ಮಾತಿನಲ್ಲಿ ಶತ್ರುವಿಗೆ ದಕ್ಕುವಂಥದ್ದೇನಿತ್ತು? ಕೊನೆಗೆ 2010ರ ಫೆಬ್ರುವರಿಯಲ್ಲಿ ರಕ್ಷಣಾ ಇಲಾಖೆಯೇ ಸಾಮಾಜಿಕ ಜಾಲತಾಣಗಳಿಗೆ ತನ್ನ ಜಾಲವನ್ನು ತೆರೆದಿಡುವ ನೀತಿ ಪ್ರಕಟಿಸಿತು. 2018ರಲ್ಲಿ ‘ಸ್ಟ್ರಾವಾ’ ಎಂಬ ವ್ಯಾಯಾಮದ ಆ್ಯಪ್‌ನ ನಕ್ಷೆ ಸೇನಾ ನೆಲೆಗಳ ಸುಳಿವನ್ನು ಜಗತ್ತಿಗೆ ತೋರಿಸಿತು. ಅಲ್ಲಿ ಯಾವ ಸೈನಿಕನೂ ಒಂದಕ್ಷರ ಬರೆದಿರಲಿಲ್ಲ. ಬೆಳಗ್ಗೆ ಎದ್ದು ಓಡಿದ್ದನಷ್ಟೇ.

ನಮ್ಮಲ್ಲಿಯೂ ಈ ಪ್ರಶ್ನೆ ಬಂದುಹೋಗಿದೆ. ಸಂವಿಧಾನದ 33ನೇ ವಿಧಿ ಸೇನಾ ಸಿಬ್ಬಂದಿಯ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 2020ರ ಜುಲೈನಲ್ಲಿ ಭಾರತೀಯ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ಮೊಬೈಲ್‌ನಿಂದ ತೆಗೆದುಹಾಕುವಂತೆ ತನ್ನವರಿಗೆ ಸೂಚಿಸಿತು. ಅದನ್ನು ಪ್ರಶ್ನಿಸಿದ ಲೆಫ್ಟಿನೆಂಟ್ ಕರ್ನಲ್ ಒಬ್ಬರಿಗೆ ದೆಹಲಿ ಹೈಕೋರ್ಟ್‌ನಲ್ಲಿ ಪರಿಹಾರ ಸಿಗಲಿಲ್ಲ. ಸುಳ್ಳು ಹೆಸರಿನ ಖಾತೆಗಳ ಮೂಲಕ ಬಲೆ ಬೀಸುವ ಬೇಹುಗಾರಿಕೆ ಕಲ್ಪನೆಯಲ್ಲ. ಆದರೆ ಕುಟುಂಬದಿಂದ ದೂರ ಹಿಮದ ನಡುವೆ ಕಾವಲಿರುವವನಿಗೆ ಮನೆಯವರ ಮುಖ ಕಾಣುವ ಕಿಟಕಿಯೂ ಅದೇ. ನಿಷೇಧದಷ್ಟೇ ಶ್ರದ್ಧೆ ತರಬೇತಿಗೂ ಸಲ್ಲಬೇಕಲ್ಲವೇ?

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷರು ಒಡೆದು ಓದುತ್ತಿದ್ದರು. ಅದನ್ನು ಬಲ್ಲ ಸಿಪಾಯಿಗಳು ಭಾರತೀಯ ಪಡೆಗೆ ಕರಿಮೆಣಸೆಂದೂ ಬ್ರಿಟಿಷ್ ಪಡೆಗೆ ಕೆಂಪು ಮೆಣಸೆಂದೂ ಗುಟ್ಟಿನ ಹೆಸರಿಟ್ಟು ಬರೆದರು. ಬೀಗ ಹಾಕಿದರೂ ಮಾತು ದಾರಿ ಹುಡುಕಿಕೊಂಡಿತು. ಪರಿಶೀಲಕರು ಭಾಷಾಂತರಿಸಿ ಇಟ್ಟ ಆ ಸಾಲುಗಳೇ ಇಂದು ನಮ್ಮ ಸಿಪಾಯಿಗಳ ಮನಸ್ಸನ್ನು ತಿಳಿಯಲು ಇತಿಹಾಸಕಾರರಿಗಿರುವ ದೊಡ್ಡ ಆಧಾರ.

ಯುದ್ಧಕ್ಕೆ ಮಕ್ಕಳನ್ನು ಕಳುಹಿಸುವ ಸಮಾಜಕ್ಕೆ ಅಲ್ಲಿ ಏನಾಗುತ್ತಿದೆಯೆಂದು ತಿಳಿಯುವ ಹಕ್ಕಿದೆ. ಸ್ಥಳ, ಸಮಯ, ಸಂಖ್ಯೆಗಳು ಗುಟ್ಟಾಗಿಯೇ ಇರಲಿ. ಆ ನಿಯಮ ಸಿಪಾಯಿಯಿಂದ ಸಚಿವರವರೆಗೆ ಎಲ್ಲರಿಗೂ ಒಂದೇ ಆಗಿರಲಿ. ಆದರೆ ಸೈನಿಕನ ದಣಿವು ಮತ್ತು ಸಂದೇಹ ರಾಷ್ಟ್ರರಹಸ್ಯವಲ್ಲ. ಅದನ್ನು ಕೇಳಿಸಿಕೊಳ್ಳಲಾರದ ಪ್ರಜಾಪ್ರಭುತ್ವಕ್ಕೆ ಯುದ್ಧದ ಬಗ್ಗೆ ನಿರ್ಧರಿಸುವ ಯೋಗ್ಯತೆಯೂ ಕಡಿಮೆಯೇ.