ನಾಲ್ಕು ಅಂಗಡಿಯ ಬುದ್ಧಿ

ಮಕ್ಕಳೇ, ಹೋದ ವಾರ ಬುಗುರಿಗೆ ಚಾಟಿ ಸುತ್ತುವ ಬಗೆ ಬರೆದಿದ್ದೆ. ಈ ವಾರ ಗಿಲಕಿಯ ಬಗ್ಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಧಾರವಾಡದ ಕಡೆಯಿಂದ ಆರನೇ ತರಗತಿಯ ಹುಡುಗಿಯೊಬ್ಬಳ ಪತ್ರ ಬಂತು. ಗಿಲಕಿ ಇನ್ನೊಂದು ವಾರ ಕಾಯಲಿ. ಈ ಪತ್ರ ಕಾಯುವಂಥದ್ದಲ್ಲ.

ಅವಳು ಬರೆದದ್ದು ಇಷ್ಟು: "ಅಜ್ಜಾ, ನಮ್ಮಪ್ಪಂದು ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿ. ಶಾಲೆಯ ಎದುರಿಗೇ ಇತ್ತು. ಈಗ ಶಾಲೆ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗಿದೆ. ಅಂಗಡಿಗೆ ಯಾರೂ ಬರುವುದಿಲ್ಲ. ಅಪ್ಪ ಊಟಕ್ಕೆ ಕೂತರೂ ಮಾತಾಡುವುದಿಲ್ಲ. ನಿಮ್ಮ ಅಂಗಡಿಗೂ ಯಾವಾಗಾದರೂ ಹೀಗೆ ಆಗಿತ್ತಾ? ನೀವು ಏನು ಮಾಡಿದಿರಿ?"

ಆಗಿತ್ತು ಕಣಮ್ಮ. ಅದನ್ನು ಇಲ್ಲಿ ಬರೆಯಲು ಇಷ್ಟು ದಿನ ನಾಚಿಕೆಯಾಗಿತ್ತು. ನೀನು ಕೇಳಿದ್ದರಿಂದ ಹೇಳುತ್ತೇನೆ.

ನಮ್ಮ ಗೊಂಬೆ ಅಂಗಡಿ ಇರುವುದು ಚನ್ನಪಟ್ಟಣದಲ್ಲಿ, ಬೆಂಗಳೂರು–ಮೈಸೂರು ಹಳೆಯ ರಸ್ತೆಯ ಬದಿಗೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಅಂಗಡಿಯ ಮುಂದೆ ಒಂದು ಕೆಂಪು ತೂಗುಕುದುರೆ ನಿಲ್ಲಿಸಿರುತ್ತಿದ್ದೆ. ಕಾರಿನೊಳಗಿನ ಮಗು ಅದನ್ನು ಕಂಡು ರಂಪ ಮಾಡಿದರೆ ನನಗೆ ಬೋಣಿ ಆದಂತೆ. ಮೂವತ್ತು ವರ್ಷ ನನ್ನ ವ್ಯಾಪಾರದ ಗುಟ್ಟು ಇದೊಂದೇ ಆಗಿತ್ತು. ದಸರೆಯ ದಿನಗಳಲ್ಲಂತೂ ಊಟಕ್ಕೂ ಪುರಸೊತ್ತು ಸಿಗುತ್ತಿರಲಿಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಜನ ಅದಕ್ಕೆ ದಶಪಥ ಎನ್ನುತ್ತಾರೆ. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬದಿಗಿಟ್ಟು ಹೊರಗಿನಿಂದ ಹೋಗುತ್ತದೆ. ರಸ್ತೆಯನ್ನು ನಾನು ಬೈಯುವುದಿಲ್ಲ. ಮೈಸೂರಿನ ಆಸ್ಪತ್ರೆಗೆ ಹೋಗುವವರು ಬೇಗ ತಲುಪುತ್ತಾರೆ. ನನ್ನ ತಂಗಿಯ ಮಗನೂ ಅದರಲ್ಲೇ ಬಂದು ಹೋಗುತ್ತಾನೆ. ಆದರೆ ಕಾರುಗಳು ಅತ್ತ ಹೋದವು, ಕುದುರೆ ಇತ್ತ ಉಳಿಯಿತು. ಬೆಳಿಗ್ಗೆ ಅದರ ಮೇಲಿನ ಧೂಳು ಒರೆಸುವುದು, ಸಂಜೆ ಒಳಗಿಡುವುದು. ಕೆಲವು ದಿನ ಅಷ್ಟೇ ಕೆಲಸ.

ಆರು ತಿಂಗಳು ಹೀಗೇ ಕಳೆದವು. ನನಗೆ ಗೊಂಬೆ ಮಾಡಿಕೊಡುವ ಲೇತಿನವರಿಗೆ ಬಾಕಿ ಬೆಳೆಯಿತು. ಅವರ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟೆ. ನಿನ್ನಪ್ಪನ ಹಾಗೆ ನಾನೂ ಮನೆಯಲ್ಲಿ ಮಾತು ಬಿಟ್ಟೆ. ಒಬ್ಬರ ಮಾತು ಕೇಳಿ ಅಗ್ಗದ ಪ್ಲಾಸ್ಟಿಕ್ ಆಟಿಕೆ ತಂದು ಬಾಗಿಲಿಗೆ ನೇತುಹಾಕಿದ್ದೂ ಉಂಟು. "ಇದು ನಮ್ಮ ಬೀದಿಯಲ್ಲೇ ಸಿಗುತ್ತಲ್ಲ" ಎಂದು ಬಂದವರೂ ಹೊರಟುಹೋದರು.

ಕೊನೆಗೆ ಒಂದು ದಿನ ನನ್ನ ಹೆಂಡತಿ ಹೇಳಿದಳು: "ಇಲ್ಲಿ ಕೂತು ರಸ್ತೆ ನೋಡಿದರೆ ಕಾರು ಬರಲ್ಲ. ನಿಮ್ಮಂಗೇ ವ್ಯಾಪಾರ ಮಾಡೋರು ನಾಲ್ಕು ಜನರನ್ನ ಕಂಡು ಬನ್ನಿ. ಅವರು ಹೆಂಗವ್ರೆ ಅಂತನಾದ್ರೂ ಗೊತ್ತಾಗ್ತದೆ."

ಮೊದಲು ಹೋದದ್ದು ಮದ್ದೂರಿಗೆ. ಅಲ್ಲಿ ವಡೆ ಅಂಗಡಿ ಇಟ್ಟಿರುವ ತಮ್ಮನೊಬ್ಬ ನನಗೆ ಹಳಬ. ನನಗೆ ಬಿದ್ದ ಏಟೇ ಅವನಿಗೂ ಬಿದ್ದಿತ್ತು. ಅವನೂ ಮುಖ ಬಾಡಿಸಿಕೊಂಡು ಕೂತಿರುತ್ತಾನೆ ಎಂದುಕೊಂಡು ಹೋದರೆ, ಅವನು ರಟ್ಟಿನ ಡಬ್ಬಿಗೆ ವಡೆ ಜೋಡಿಸುತ್ತಿದ್ದ.

ಮದ್ದೂರು ವಡೆ ಹುಟ್ಟಿದ್ದು ರಸ್ತೆಯಲ್ಲಲ್ಲ, ರೈಲು ನಿಲ್ದಾಣದಲ್ಲಿ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬುವರು ಅದನ್ನು ಮೊದಲು ಮಾಡಿದರು ಎನ್ನುತ್ತಾರೆ. ರೈಲು ಬರುವ ಹೊತ್ತಾಯಿತೆಂದು ಪಕೋಡದ ಹಿಟ್ಟನ್ನೇ ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಸೇರಿದ ಗರಿಗರಿ ವಡೆ ಹಾಗೆ ಹೆಸರಾಯಿತು.

ಆ ತಮ್ಮ ಹೇಳಿದ: "ಅಣ್ಣಾ, ನಮ್ ವಡೆ ಶುರುವಾಗಿದ್ದು ರೈಲಿನಾಗೆ. ಆಮೇಲೆ ರಸ್ತೆಗೆ ಬಂತು. ಈಗ ರಸ್ತೆ ಅತ್ಲಾಗೋಯ್ತು. ಜನ ಬರ್ದಿದ್ರೆ ವಡೆನೇ ಹೋಗ್ಲಿ ಅಂತ ಬೆಳಿಗ್ಗೆ ಬಸ್ಸಿಗೆ ಡಬ್ಬಿ ಹಾಕ್ತೀನಿ. ಬೆಂಗ್ಳೂರಾಗೆ ಎರಡು ಅಂಗಡಿಯೋರು ಇಳಿಸ್ಕೋತಾರೆ. ಎರಡು ದಿನ ಕೆಡಲ್ವಲ್ಲ. ನಿನ್ ಗೊಂಬೆ ಎರಡು ತಲೆಮಾರು ಕೆಡಲ್ಲ. ನಿಂಗೇನು ಕಷ್ಟ?"

ನನ್ನ ಬಳಿ ಉತ್ತರವಿರಲಿಲ್ಲ. ವಾಪಸು ಬರುವಾಗ ಒಂದು ಡಬ್ಬಿ ವಡೆ ಕೊಟ್ಟ. ದುಡ್ಡು ಮುಟ್ಟಲಿಲ್ಲ.

ಎರಡನೆಯದಾಗಿ ರಾಮನಗರದಲ್ಲಿರುವ ನನ್ನ ಶಾಲೆಯ ಗೆಳೆಯನನ್ನು ಕಂಡೆ. ಅವನದು ರೇಷ್ಮೆ ನೂಲು ಬಿಚ್ಚುವ ಕಸುಬು. ಅಲ್ಲಿಯ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಗೂಡು ಕೊಳ್ಳುತ್ತಾನೆ. ಮಕ್ಕಳೇ, ರೇಷ್ಮೆಗೂಡಿನೊಳಗೆ ಹುಳ ಇರುತ್ತದೆ. ಹಾಗೇ ಬಿಟ್ಟರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆಗ ಎಳೆ ತುಂಡಾಗಿ ಹೋಗುತ್ತದೆ. ಆದ್ದರಿಂದ ಗೂಡು ತಂದವನು ಸುಮ್ಮನೆ ಕೂರುವಂತಿಲ್ಲ. ಈ ದಿನದ ಬೆಲೆ ನಾಳೆ ಇರುವುದಿಲ್ಲ. ಒಂದು ವರ್ಷ ಅವನು ಹೆಚ್ಚು ಬೆಲೆಗೆ ಗೂಡು ಕೊಂಡು, ನೂಲಿನ ಬೆಲೆ ಬಿದ್ದು, ಹೆಂಡತಿಯ ಬಳೆ ಅಡವಿಟ್ಟಿದ್ದ. ಅದು ನನಗೆ ಆ ದಿನವೇ ಗೊತ್ತಾದದ್ದು.

"ಎಷ್ಟು ಬಾಕಿ ಇದೆಯೋ?" ಎಂದ. ಹೇಳಿದೆ. "ಅವರ ಹತ್ರ ಹೋಗಿದ್ದೆಯಾ?" ಎಂದ. ತಲೆ ತಗ್ಗಿಸಿದೆ.

ಅವನು ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ಗೂಡುಗಳನ್ನು ತೋರಿಸಿದ. ಒಂದೊಂದರಲ್ಲೂ ನೂರಾರು ಮೀಟರ್ ಎಳೆ ಇದೆ. ಎಳೆಯ ತುದಿ ಸಿಗುವವರೆಗೆ ಅದು ಬರೀ ಉಂಡೆ. "ಸಾಲದ್ದೂ ಹಿಂಗೇ ಕಣೋ. ತುದಿ ಹುಡುಕು. ತುದಿ ಅಂದ್ರೆ ಅವರ ಮನೆ ಬಾಗಿಲು. ಕೈಯಲ್ಲಿ ಐನೂರು ರೂಪಾಯಿ ಇದ್ರೂ ಸರಿ, ತಗೊಂಡು ಹೋಗು. ಬಾಗಿಲು ಹಾಕ್ಕೊಂಡು ಕೂತ್ಕೋಬೇಡ."

ಹೀಗಾಗಿ ಮೂರನೆಯ ಅಂಗಡಿ ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದ ಬೀದಿಯಲ್ಲೇ ಇತ್ತು. ನನಗೆ ಬುಗುರಿ, ಗಿಲಕಿ ಮಾಡಿಕೊಡುತ್ತಿದ್ದ ಸಾಬರ ಲೇತಿನ ಮನೆ ಅದು. ಹೊಸಿಲ ಬಳಿ ನಿಂತು ಐನೂರು ರೂಪಾಯಿ ಮುಂದೆ ಹಿಡಿದೆ.

ಸಾಬರು ಲೇತು ನಿಲ್ಲಿಸಲಿಲ್ಲ. ಆಲೆಮರದ ತುಂಡು ಗಿರಗಿರ ತಿರುಗುತ್ತಿತ್ತು. ಉಳಿಯಿಂದ ಅದಕ್ಕೆ ಹೊಟ್ಟೆ, ಕುತ್ತಿಗೆ ಬರಿಸಿದರು. ಹಳದಿ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರು. ತಿರುಗುವ ಮರಕ್ಕೆ ಉಜ್ಜಿ ಬಿಸಿಯಾದಾಗ ಅರಗು ತಾನೇ ಕರಗಿ ಅಂಟಿಕೊಳ್ಳುತ್ತದೆ. ಬ್ರಷ್ಷಿಲ್ಲ, ಬಣ್ಣದ ಡಬ್ಬಿಯೂ ಇಲ್ಲ. ಕೊನೆಗೆ ಕೇದಗೆಯ ಗರಿ ಒತ್ತಿದರೆ ಕನ್ನಡಿಯ ಹೊಳಪು. ಅದೆಲ್ಲ ಮುಗಿದ ಮೇಲೆ ನನ್ನ ಕಡೆ ನೋಡಿದರು.

"ಅಣ್ಣಾ, ನೀವು ದುಡ್ಡು ಕೊಡಲಿಲ್ಲ ಅಂತ ನನಗೆ ಬೇಜಾರಿಲ್ಲ. ಈ ಕಡೆ ಬರಲೇ ಇಲ್ಲವಲ್ಲ, ಅದಕ್ಕೆ ಬೇಜಾರು."

ಚಹಾ ತರಿಸಿದರು. ಹಿಂದೆ ಚೀನಾದ ಪ್ಲಾಸ್ಟಿಕ್ ಆಟಿಕೆ ಪೇಟೆ ತುಂಬಿದಾಗ ಅವರ ಲೇತೂ ನಿಂತಿತ್ತಂತೆ. ಅಕ್ಕಪಕ್ಕದವರು ಕಸುಬು ಬಿಟ್ಟು ಬೇರೆ ಕೆಲಸಕ್ಕೆ ಹೋದರಂತೆ. "ಆಗ ನಾನೂ ಇನ್ನೊಬ್ಬ ಲೇತಿನವನ ಹತ್ರ ಹೋಗಿ ಕೂತೆ. ಅವನು ಪರದೆಯ ಬಳೆ ಮಾಡ್ತಿದ್ದ, ಸರದ ಮಣಿ ಮಾಡ್ತಿದ್ದ. ಅದೇ ಮರ, ಅದೇ ಅರಗು. ಗೊಂಬೆ ಹೋಗಲಿಲ್ಲ ಅಂದ್ರೆ ಮಣಿ ಹೋಗುತ್ತೆ ಅಂದ. ಸರಿ, ನಿಮ್ಮ ಅಂಗಡೀಲಿ ಯಾವುದು ಹೋಗುತ್ತೆ ಹೇಳಿ?"

"ಎಲ್ಲಾ ಹೋಗುತ್ತಿತ್ತು" ಎಂದೆ.

"ಅದು ಲೆಕ್ಕ ಅಲ್ಲ ಅಣ್ಣಾ" ಎಂದರು.

ನಿಜವೇ. ಮೂವತ್ತು ವರ್ಷ ಗಲ್ಲಾಪೆಟ್ಟಿಗೆ ತುಂಬಿದ್ದು ನೋಡಿದ್ದೆನೇ ಹೊರತು ಯಾವುದರಿಂದ ತುಂಬಿತು ಎಂದು ಬರೆದಿಟ್ಟಿರಲಿಲ್ಲ. ಮನೆಗೆ ಬಂದು ಹಳೆಯ ಬಿಲ್ ಪುಸ್ತಕಗಳನ್ನು ತೆಗೆದೆ. ಕಣ್ಣು ಮಂಜು. ಏಳನೇ ತರಗತಿಯಲ್ಲಿದ್ದ ಮೊಮ್ಮಗಳು ಕೂತು ತನ್ನ ರಫ್ ನೋಟಿನಲ್ಲಿ ಗೀಟು ಹಾಕಿ ಬರೆದಳು. ಬುಗುರಿ ಇಷ್ಟು, ಗಿಲಕಿ ಇಷ್ಟು, ರೈಲು ಇಷ್ಟು, ಕುದುರೆ ಇಷ್ಟು. ನಾಲ್ಕು ಭಾನುವಾರ ಹಿಡಿಯಿತು. ಕೊನೆಗೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ತಾತ, ನಿಮ್ಮ ಕೆಂಪು ಕುದುರೆ ಕಾರು ನಿಲ್ಲಿಸ್ತಿತ್ತು ಅಷ್ಟೆ. ಜನ ತಗೊಳ್ತಿದ್ದದ್ದು ಸಣ್ಣ ಸಣ್ಣ ಸಾಮಾನು" ಎಂದಳು. ಮೂವತ್ತು ವರ್ಷದಲ್ಲಿ ನನಗೆ ಕಾಣದ್ದು ಅವಳ ಗೀಟಿನಲ್ಲಿ ಕಂಡಿತು.

ನಾಲ್ಕನೆಯ ಅಂಗಡಿ ನನ್ನ ಪಕ್ಕದ್ದೇ. ಟೀ ಅಂಗಡಿಯ ಅಕ್ಕ ನನ್ನಷ್ಟೇ ನಷ್ಟ ಅನುಭವಿಸಿದವಳು. ಆದರೂ ಅವಳ ಒಲೆ ಆರಿರಲಿಲ್ಲ. ಹೇಗೆಂದು ಕೇಳಿದೆ.

"ಅಣ್ಣೋ, ಕಾರು ಹೋಯ್ತು ಅಂತ ನೀನು ಅತ್ಲಾಗೇ ನೋಡ್ತಾ ಕೂತಿದ್ದೀಯ. ಬೈಕಿನೋರು ಎಲ್ಲೋಗ್ತಾರೆ? ಅವರನ್ನ ಆ ರಸ್ತೆಗೆ ಬಿಡಕಿಲ್ಲ" ಎಂದಳು. ಹೌದಲ್ಲ! 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಬಿಡುತ್ತಿಲ್ಲ. ಊರೊಳಗಿನ ದಾರಿ ಹಿಡಿದ ಬೈಕಿನವರು ಅವಳ ಅಂಗಡಿಯ ಮುಂದೆ ಟೀ ಕುಡಿಯುತ್ತಿದ್ದರು. ನಾನು ಅವರನ್ನು ಗಿರಾಕಿ ಎಂದೇ ಎಣಿಸಿರಲಿಲ್ಲ. ಬೈಕಿನಲ್ಲಿ ತೂಗುಕುದುರೆ ಒಯ್ಯಲು ಆಗದು, ನಿಜ. ಜೇಬಿಗೆ ಬುಗುರಿ ಹಾಕಿಕೊಳ್ಳಬಹುದಲ್ಲ?

ಅವಳು ಇನ್ನೊಂದು ಮಾತೂ ಕೇಳಿದಳು: "ನಮ್ಮೂರ ಇಸ್ಕೂಲ್ ಮಕ್ಳು ನಿನ್ನ ಅಂಗಡಿಗೆ ಬಂದಿದ್ದು ಯಾವಾಗ?"

ಗೊಂಬೆಗಳ ಊರು ಎಂದು ಹೆಸರು. ಆ ಊರ ಮಕ್ಕಳಿಗೇ ನಾನು ಒಂದು ಗೊಂಬೆ ತೋರಿಸಿರಲಿಲ್ಲ. ಕಾರಿನ ಗಿರಾಕಿಗಳ ನಡುವೆ ಅವರು ಬಂದರೆ "ಮುಟ್ಟಬೇಡಿ" ಎಂದು ಗದರಿದ್ದೂ ಇದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ವಾರ ಒಂದು ಬುಟ್ಟಿ ತುಂಬಿಕೊಂಡು ಹತ್ತಿರದ ಶಾಲೆಗೆ ಹೋದೆ. ಸಾಬರೂ ಬಂದರು. ಅರಗು ಎಂದರೆ ಪುಟ್ಟ ಕೀಟವೊಂದು ಮರದ ಕೊಂಬೆಯ ಮೇಲೆ ಸುರಿಸುವ ಅಂಟು ಎಂದು ಅವರು ಹೇಳಿದಾಗ ಮಕ್ಕಳು ಬಾಯಿ ತೆರೆದು ಕೇಳಿದರು. ಒಬ್ಬ ಹುಡುಗ, "ನಮ್ ತಾತನೂ ಲೇತ್ ಕೆಲ್ಸ ಮಾಡ್ತಿದ್ರು" ಎಂದು ಎದ್ದು ನಿಂತ. ಆ ದಿನ ಮಾರಾಟವಾದದ್ದು ಹನ್ನೊಂದು ಬುಗುರಿ. ಆಮೇಲೆ ಅಲ್ಲಿಯ ಟೀಚರೊಬ್ಬರು ಎಣಿಸಲು ಕಲಿಸುವ ಮಣಿ ಚೌಕಟ್ಟುಗಳನ್ನು ಕೇಳಿದರು. ಅವರಿಂದ ಇನ್ನೊಂದು ಶಾಲೆಗೆ ಸುದ್ದಿ ಹೋಯಿತು. ವಡೆಯ ತಮ್ಮನ ಡಬ್ಬಿಯ ಜೊತೆಗೇ ನನ್ನ ಡಬ್ಬಿಯೂ ಬೆಂಗಳೂರಿನ ಬಸ್ಸು ಹತ್ತಿತು. ಟೀ ಅಂಗಡಿಯ ಮೇಜಿನ ಮೇಲೆ ಒಂದು ಬೋಗುಣಿ ಬುಗುರಿ ಕೂತಿತು.

ಧಾರವಾಡದ ಕೂಸೇ, ಎಲ್ಲ ಸರಿಹೋಯಿತು ಎಂದು ನಿನಗೆ ಸುಳ್ಳು ಹೇಳಲಾರೆ. ಹಳೆಯ ವ್ಯಾಪಾರ ಬರಲಿಲ್ಲ. ಎರಡು ಬಾಗಿಲಿನ ಅಂಗಡಿಯಲ್ಲಿ ಒಂದು ಬಾಗಿಲನ್ನು ಬೇರೆಯವರಿಗೆ ಬಾಡಿಗೆಗೆ ಬಿಟ್ಟಿದ್ದೇನೆ. ಸಾಬರ ಬಾಕಿ ತೀರಲು ಒಂದೂವರೆ ವರ್ಷ ಹಿಡಿಯಿತು. ಆದರೆ ತೀರಿತು. ಅಂಗಡಿ ತೆರೆದೇ ಇದೆ. ರಾತ್ರಿ ಊಟಕ್ಕೆ ಕೂತಾಗ ನಾನು ಮಾತಾಡುತ್ತೇನೆ. ಹೆಚ್ಚು ಮಾತಾಡುತ್ತೇನೆ ಎಂದು ಮೊಮ್ಮಗಳ ದೂರು.

ಆ ನಾಲ್ವರು ಹೇಳಿದ್ದರಲ್ಲಿ ಯಾವುದೂ ದೊಡ್ಡ ಉಪಾಯವಲ್ಲ. ಅವರೂ ನನ್ನ ಹಾಗೇ ಏಟು ತಿಂದವರು, ಮುಚ್ಚಿಡದೆ ಹೇಳಿದರು. ನನಗೆ ಮೊದಲು ಬೇಕಾಗಿದ್ದದ್ದು ಅದೇ. ಬಿದ್ದವನು ನಾನೊಬ್ಬನೇ ಎಂದುಕೊಂಡಿದ್ದಷ್ಟು ದಿನ ನನಗೆ ಏಳಲು ತೋಚಿರಲಿಲ್ಲ.

ನೀನು ಮಾಡಬಹುದಾದದ್ದು ಎರಡು. ಈ ಭಾನುವಾರ ಅಪ್ಪನ ಹಳೆಯ ಬಿಲ್ ಪುಸ್ತಕ ಕೇಳಿ ತೆಗೆದುಕೊ, ನೋಟಿನಲ್ಲಿ ಗೀಟು ಹಾಕು, ಯಾವುದು ಎಷ್ಟು ಹೋಗಿದೆ ಎಂದು ಅವರನ್ನೇ ಕೇಳಿ ಬರೆ. ಲೆಕ್ಕ ಹೇಳುವಾಗ ಅಪ್ಪ ಮಾತಾಡಲೇಬೇಕಲ್ಲ? ಎರಡನೆಯದು, ಶಾಲೆಯ ಹಳೆಯ ಕಟ್ಟಡದ ಎದುರು ಇನ್ನೂ ಯಾರ ಯಾರ ಅಂಗಡಿ ಇತ್ತೋ ಅವರ ಹತ್ತಿರ ಹೋಗಿ ಒಂದು ಗಂಟೆ ಕೂತು ಬರಲು ಅಪ್ಪನಿಗೆ ಹೇಳು. ಅವರಿಗೂ ಇದೇ ಕಷ್ಟ ಬಂದಿರುತ್ತದೆ. ಅವರೂ ಯಾರಾದರೂ ಬರಲಿ ಎಂದು ಕಾಯುತ್ತಿರಬಹುದು.

ಅಜ್ಜ-ಅಜ್ಜಿಯರಲ್ಲಿಯೂ ಒಂದು ಮಾತು. ನೀವೂ ಒಂದು ಕಾಲಕ್ಕೆ ಅಂಗಡಿಯನ್ನೋ ಹೊಲವನ್ನೋ ಕೆಲಸವನ್ನೋ ಕಳೆದುಕೊಂಡವರಿರಬಹುದು. ಆ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಿ. ಗೆದ್ದ ಕಥೆಯನ್ನು ಹೇಗೂ ಹೇಳಿಯೇ ಇರುತ್ತೀರಿ.

ನಿನ್ನ ವಿಳಾಸಕ್ಕೆ ಒಂದು ಹಳದಿ ಬುಗುರಿ ಕಳಿಸಿದ್ದೇನೆ ಕಂದಾ. ಚಾಟಿ ಸುತ್ತುವ ಬಗೆ ಹೋದ ವಾರದ ಪುಟದಲ್ಲಿದೆ. ಅಪ್ಪನಿಗೆ ಮರೆತಿರಬಹುದು, ನೀನೇ ಕಲಿಸು.

ಮುಂದಿನ ವಾರ ಖಂಡಿತ ಗಿಲಕಿ.