ಕಾಗೆಯ ಬುದ್ಧಿ, ನಮ್ಮ ಅಳತೆ

ಮನುಷ್ಯನ ಇಷ್ಟು ಸಮೀಪದಲ್ಲಿ ಬಾಳಿಯೂ ಕಾಗೆಯಷ್ಟು ಅನಾದರಕ್ಕೆ ಪಾತ್ರವಾದ ಪಕ್ಷಿ ಇನ್ನೊಂದಿಲ್ಲ. ಶ್ರಾದ್ಧದ ದಿನ ಪಿಂಡವನ್ನು ಮುಟ್ಟಲೆಂದು ಕೈಮುಗಿದು ಕಾಯುವ ನಾವೇ ಮರುದಿನ ಹಪ್ಪಳ ಒಣಗಹಾಕಿದ ಅಂಗಳದಲ್ಲಿ ಅದನ್ನು ಕಂಡರೆ ಕಲ್ಲೆಸೆಯುತ್ತೇವೆ. ಈಚೆಗೆ ಈ ಅನಾದರದ ಸ್ಥಾನದಲ್ಲಿ ಒಂದು ಬಗೆಯ ಹೊಗಳಿಕೆ ಬಂದು ಕುಳಿತಿದೆ. ವಿಜ್ಞಾನಿಗಳು ಕಾಗೆಯ ಕುಲದ ಮೇಲೆ ನಡೆಸಿದ ಪ್ರಯೋಗಗಳ ವಾರ್ತೆ ಬಂದಾಗಲೆಲ್ಲ ಕಾಗೆಯು ಐದಾರು ವರ್ಷದ ಮಗುವಿಗೆ ಸಮನೆಂದು ಪತ್ರಿಕೆಗಳು ಸಾರುತ್ತವೆ. ಹಳೆಯ ತಿರಸ್ಕಾರದಲ್ಲಿ ಎಷ್ಟು ಅಜ್ಞಾನವಿತ್ತೋ ಈ ಹೊಗಳಿಕೆಯಲ್ಲಿಯೂ ಹೆಚ್ಚುಕಡಮೆ ಅಷ್ಟೇ ಇದೆಯೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಎರಡರಲ್ಲಿಯೂ ಅಳತೆಗೋಲು ಮನುಷ್ಯನೇ ಹೊರತು ಕಾಗೆಯಲ್ಲ.

2002ರಲ್ಲಿ ಆಕ್ಸ್‌ಫರ್ಡಿನ ಅಲೆಕ್ಸ್ ಕ್ಯಾಸೆಲ್ನಿಕ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಿಂದ ತಂದಿದ್ದ ಬೆಟ್ಟಿ ಎಂಬ ಹೆಣ್ಣುಕಾಗೆ ಮತ್ತು ಏಬೆಲ್ ಎಂಬ ಗಂಡುಕಾಗೆ, ಇವುಗಳ ಮುಂದೆ ನೆಟ್ಟಗೆ ನಿಲ್ಲಿಸಿದ ಒಂದು ಕೊಳವೆ. ಅದರ ತಳದಲ್ಲಿ ಹಿಡಿಕೆಯುಳ್ಳ ಪುಟ್ಟ ಬಕೆಟ್ಟು, ಅದರೊಳಗೆ ಆಹಾರ. ಪಕ್ಕದಲ್ಲಿ ಎರಡು ತಂತಿಗಳು, ಒಂದು ನೇರವಾದುದು, ಇನ್ನೊಂದು ಕೊಕ್ಕೆಯಾಗಿ ಬಾಗಿದುದು. ಕೊಕ್ಕೆಯನ್ನು ಆರಿಸಿಕೊಳ್ಳುವ ವಿವೇಕ ಅವಕ್ಕುಂಟೆ ಎಂಬುದಷ್ಟೇ ಸಂಶೋಧಕರ ಪ್ರಶ್ನೆ. ಆದರೆ ಒಂದು ಸಲ ಏಬೆಲ್ ಕೊಕ್ಕೆಯ ತಂತಿಯನ್ನೆತ್ತಿಕೊಂಡು ಹೋಗಿಬಿಡಲು, ಬೆಟ್ಟಿಯು ಉಳಿದ ನೇರ ತಂತಿಯನ್ನು ತಾನೇ ಬಾಗಿಸಿ, ಕೊಕ್ಕೆ ಮಾಡಿ, ಬಕೆಟ್ಟನ್ನು ಮೇಲಕ್ಕೆತ್ತಿತು. ಬಳಿಕ ನೇರ ತಂತಿಯನ್ನು ಮಾತ್ರವೇ ಕೊಟ್ಟು ನೋಡಿದಾಗ, ಕೊಳವೆಯ ಬುಡಕ್ಕೆ ಸುತ್ತಿದ್ದ ಅಂಟುಪಟ್ಟಿಯ ಸಂದಿಗೆ ತುದಿಯನ್ನು ಸಿಕ್ಕಿಸಿಯೋ, ಕಾಲಿನಲ್ಲಿ ಒತ್ತಿಹಿಡಿದೋ, ಇನ್ನೊಂದು ಕೊನೆಯನ್ನು ಕೊಕ್ಕಿನಿಂದ ಎಳೆದು ಬಾಗಿಸುತ್ತ, ಅದು 10 ಸಲದಲ್ಲಿ 9 ಸಲ ಕಾರ್ಯವನ್ನು ಸಾಧಿಸಿತು. ಕಾಡಿನಲ್ಲಿ ತಂತಿಯೆಂಬ ಪದಾರ್ಥವೇ ಇಲ್ಲವಷ್ಟೆ. ಆದುದರಿಂದ ಇದು ಅಪ್ಪಟ ನವೀನ ಕಲ್ಪನೆಯೆಂದು ಜಗತ್ತು ಬೆರಗಾಯಿತು.

ಆದರೆ 2016ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ರುಟ್ಜ್ ಮತ್ತು ಅವರ ಬಳಗದವರು, ಅದೇ ದ್ವೀಪದ ಕಾಡುಕಾಗೆಗಳನ್ನು ಕೆಲಕಾಲ ಹಿಡಿದಿಟ್ಟು ಬಳುಕುವ ಗಿಡದ ಕಡ್ಡಿಗಳನ್ನು ಕೊಟ್ಟು ನೋಡಿದಾಗ, ಅವುಗಳಲ್ಲಿಯೂ ಹಲವು ತಮ್ಮ ಕಡ್ಡಿಗಳನ್ನು ಬೆಟ್ಟಿಯ ರೀತಿಯಲ್ಲಿಯೇ ಬಾಗಿಸುತ್ತಿದ್ದುದು ಕಂಡುಬಂದಿತು. ಎಂದಮೇಲೆ ಬೆಟ್ಟಿಯ ಕೊಕ್ಕೆಯು ಆ ಗಳಿಗೆಯಲ್ಲಿ ಹೊಳೆದ ಪ್ರತಿಭೆಯೋ, ಕುಲಪರಂಪರೆಯಿಂದ ಬಂದ ಕೈಚಳಕದ ಒಂದು ರೂಪವೋ ಎಂಬುದು ಮತ್ತೆ ಪ್ರಶ್ನೆಯಾಗಿಯೇ ನಿಂತಿತು. ಇದರಿಂದ ಕಾಗೆಯ ಮಹಿಮೆ ಕುಗ್ಗಿತೆಂದು ಕೆಲವರು ಭಾವಿಸಿಯಾರು. ನನಗಾದರೋ ಅದು ಹೆಚ್ಚಿತೆಂದೇ ತೋರುತ್ತದೆ. ಗೂಡಿನಲ್ಲಿಟ್ಟ ಒಂದು ಹಕ್ಕಿಯ ಅಪವಾದವೆನಿಸಿದ್ದುದು ಇಡೀ ಒಂದು ಜಾತಿಯ ನಿತ್ಯದ ಕಸಬೆಂದು ತಿಳಿದುಬರುವುದು ಸಣ್ಣ ಮಾತಲ್ಲ. ತಾನು ಕಂಡ ಅದ್ಭುತವನ್ನು ತಾನೇ ಮರಳಿ ಶೋಧಿಸಿ ನೋಡುವ ಈ ನಿಷ್ಠುರತೆ ವಿಜ್ಞಾನದ ಶ್ರೇಷ್ಠ ಗುಣ. ಅದ್ಭುತದ ಸುದ್ದಿ ನಮ್ಮನ್ನು ಮುಟ್ಟುವಷ್ಟು ಬೇಗ ಅದರ ಪರಿಷ್ಕರಣದ ಸುದ್ದಿ ಮುಟ್ಟದಿರುವುದು ವ್ಯಸನದ ಸಂಗತಿ.

ಹೂಜಿಯೊಳಗೆ ಕಲ್ಲು ಹಾಕಿ ನೀರನ್ನು ಮೇಲೇರಿಸಿದ ಕಾಗೆಯ ಕಥೆ ನಮ್ಮಲ್ಲಿ ಅಕ್ಷರ ಬಲ್ಲವರಿಗೂ ಬಾರದವರಿಗೂ ತಿಳಿದದ್ದೇ. 2009ರಲ್ಲಿ ಕ್ರಿಸ್ಟೋಫರ್ ಬರ್ಡ್ ಮತ್ತು ನೇಥನ್ ಎಮರಿ ಎಂಬ ವಿದ್ವಾಂಸರು ಕಾಗೆಯ ದಾಯಾದಿಯಾದ ರೂಕ್ ಪಕ್ಷಿಗಳಿಗೆ ಇದೇ ಪರೀಕ್ಷೆಯನ್ನೊಡ್ಡಿದರು: ನೀರಿನ ಮೇಲೆ ತೇಲುವ ಹುಳು, ಕೊಕ್ಕಿಗೆಟುಕದ ಮಟ್ಟ, ಬದಿಯಲ್ಲಿ ಕಲ್ಲುಗಳು. ಕಾಡಿನಲ್ಲಿ ಉಪಕರಣವನ್ನೇ ಬಳಸದ ಆ ಪಕ್ಷಿಗಳು ಕಲ್ಲುಗಳನ್ನು ಒಂದೊಂದಾಗಿ ಹಾಕಿ ಹುಳುವನ್ನು ಪಡೆದವು. ದೊಡ್ಡ ಕಲ್ಲುಗಳನ್ನೇ ಆಯ್ದುಕೊಳ್ಳುವುದನ್ನೂ ಬೇಗ ಕಲಿತವು. ಮಗುವಿನೊಡನೆ ಹೋಲಿಸುವ ಮಾತು ಬಲಗೊಂಡದ್ದು ಇದರ ಮುಂದಿನ ಪ್ರಯೋಗಗಳಿಂದ. ಆದರೆ ಆ ಪ್ರಯೋಗಗಳಲ್ಲಿಯೇ, ಎರಡು ಕೊಳವೆಗಳನ್ನು ಕಣ್ಣಿಗೆ ಕಾಣದಂತೆ ಅಡಿಯಲ್ಲಿ ಕೂಡಿಸಿ, ಒಂದರಲ್ಲಿ ಕಲ್ಲು ಹಾಕಿದರೆ ಇನ್ನೊಂದರಲ್ಲಿ ನೀರೇರುವಂತೆ ಮಾಡಿದಾಗ ನ್ಯೂ ಕ್ಯಾಲಿಡೋನಿಯದ ಕಾಗೆಗಳು ಸೋತವು. ಈ ಸೋಲು ನನಗೆ ಆ ಗೆಲುವಿನಷ್ಟೇ ಬೆಲೆಯುಳ್ಳದ್ದು. ಕಾಗೆಯ ಮನಸ್ಸು ಎಲ್ಲಿಯವರೆಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಗಡಿಯನ್ನು ತೋರುವುದು ಅದೇ. ಮಗುವಿನ ವಯಸ್ಸಿನಿಂದ ಅದನ್ನು ಅಳೆದರೆ ಆ ಗಡಿಯೇ ಅಳಿಸಿಹೋಗುತ್ತದೆ.

ಅದೇ ಕುಲದ ಸ್ಕ್ರಬ್ ಜೇ ಪಕ್ಷಿಗಳನ್ನು ಕುರಿತು ನಿಕೋಲಾ ಕ್ಲೇಟನ್ ಮತ್ತು ಆಂಟನಿ ಡಿಕಿನ್ಸನ್ 1998ರಲ್ಲಿ ತೋರಿಸಿಕೊಟ್ಟುದೂ ಸ್ಮರಣೀಯ. ಆ ಪಕ್ಷಿಗಳು ಹುಳುಗಳನ್ನೂ ಕಡಲೆಕಾಯಿಯನ್ನೂ ಹೂತಿಟ್ಟು, ನಾಲ್ಕು ಗಂಟೆಗಳ ಮೇಲೆ ಬಂದರೆ ರುಚಿಯಾದ ಹುಳುವನ್ನರಸುತ್ತಿದ್ದವು. ಹುಳು ಕೊಳೆಯುವುದನ್ನು ಒಮ್ಮೆ ಅರಿತ ಮೇಲೆ, ಐದು ದಿನ ಕಳೆದು ಬಂದಾಗ ಅದನ್ನು ಬಿಟ್ಟು ಕಡಲೆಕಾಯಿಗೆ ಹೋಗುತ್ತಿದ್ದವು. ಏನನ್ನು, ಎಲ್ಲಿ, ಎಷ್ಟು ಹಿಂದೆ ಇಟ್ಟೆನೆಂಬ ಮೂರೂ ಅವುಗಳ ನೆನಪಿನಲ್ಲಿ ಒಂದಾಗಿದ್ದವು. ಹೂತಿಟ್ಟುಣ್ಣುವ ಹಕ್ಕಿಗೆ ಅನುರೂಪವಾದ ಬುದ್ಧಿ ಅದು. ಅದರ ಹಿರಿಮೆ ಅದರ ಬದುಕಿನಿಂದಲೇ ತಿಳಿಯತಕ್ಕದ್ದು.

ಇಷ್ಟು ಕಾಣುವುದಕ್ಕೆ ಇಷ್ಟು ಕಾಲ ಏಕೆ ಹಿಡಿಯಿತೆಂದರೆ, ಹಕ್ಕಿಯ ಮಿದುಳಿನಲ್ಲಿ ವಿಚಾರಕ್ಕೆ ಎಡೆಯೇ ಇಲ್ಲವೆಂದು ಪಂಡಿತರು ಮೊದಲೇ ನಿರ್ಣಯಿಸಿಬಿಟ್ಟಿದ್ದರು. ಜರ್ಮನಿಯ ಲುಡ್ವಿಗ್ ಎಡಿಂಗರ್ ಕೊಟ್ಟ ವಿವರಣೆಯ ಪ್ರಕಾರ ಅದು ಬಹುಮಟ್ಟಿಗೆ ಸಹಜಪ್ರವೃತ್ತಿಯ ಭಾಗವೇ. ಸಸ್ತನಿಗಳ ಮಿದುಳಿನ ಮಡಿಕೆಗಳುಳ್ಳ ಹೊರಪದರ ಅಲ್ಲಿ ಕಾಣದಿದ್ದುದರಿಂದ ಆ ಪದರದ ಕಾರ್ಯವೂ ಅಲ್ಲಿಲ್ಲವೆಂದು ಎಣಿಸಲಾಯಿತು. ಈ ಕಲ್ಪನೆಯನ್ನೂ ಅದಕ್ಕನುಸಾರವಾಗಿ ಹಕ್ಕಿಯ ಮಿದುಳಿನ ಭಾಗಗಳಿಗೆ ಇಟ್ಟಿದ್ದ ಹೆಸರುಗಳನ್ನೂ ವಿದ್ವತ್ಸಮೂಹ ತಿದ್ದಿದ್ದು 2004-05ರ ವೇಳೆಗೆ. ಕಾಗೆಯ ಕುಲದ ಪಕ್ಷಿಗಳಲ್ಲಿ ಮುಮ್ಮಿದುಳಿನ ನರಕೋಶಗಳು ಅತ್ಯಂತ ಒತ್ತೊತ್ತಾಗಿ ಸೇರಿಕೊಂಡಿರುವುದರಿಂದ ಗಾತ್ರ ಕಿರಿದಾದರೂ ಶಕ್ತಿ ಹಿರಿದೆಂದು 2016ರ ಗಣನೆಯೊಂದು ತೋರಿಸಿತು.

ನಮ್ಮ ಊರಕಾಗೆಯಾದರೋ ಈ ಪ್ರಸಿದ್ಧ ಪ್ರಯೋಗಗಳ ಹೊರಗೇ ಉಳಿದಿದೆ. ಭರತಖಂಡದ ನಿವಾಸಿಯಾದ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಂಜಿಬಾರಿಗೆ ಒಯ್ಯಲ್ಪಟ್ಟು, ಪೂರ್ವ ಆಫ್ರಿಕದ ಕರಾವಳಿಯಲ್ಲೆಲ್ಲ ಹಬ್ಬಿ, ಅಲ್ಲಿಯ ಹಕ್ಕಿಗಳಿಗೆ ಕಂಟಕವಾಗಿ, 2024ರಲ್ಲಿ ಕೆನ್ಯ ದೇಶವು ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವುದಾಗಿ ಸಾರುವ ಮಟ್ಟಕ್ಕೆ ಬಂತು. ಹೊಸ ನೆಲದಲ್ಲಿ ಅದು ಬದುಕುವುದನ್ನು ಹೇಗೆ ಕಲಿಯಿತು, ಇಲ್ಲಿ ಕೋಗಿಲೆಯ ಮೊಟ್ಟೆಯನ್ನು ತನ್ನದೆಂದು ಕಾವು ಕೊಡುವಷ್ಟು ಮೋಸಹೋಗುವ ಅದೇ ಹಕ್ಕಿ ಮಾಂಸದಂಗಡಿ ತೆರೆಯುವ ಹೊತ್ತನ್ನು ಹೇಗೆ ಅರಿಯುತ್ತದೆ ಎಂಬ ಪ್ರಶ್ನೆಗಳಿಗೆ ಧಾರವಾಡ, ಮೈಸೂರು, ಬೆಂಗಳೂರುಗಳ ಪ್ರಾಣಿಶಾಸ್ತ್ರ ವಿಭಾಗಗಳು ಉತ್ತರ ಹುಡುಕಬೇಕು. ನ್ಯೂ ಕ್ಯಾಲಿಡೋನಿಯಕ್ಕೆ ಹೋಗಬೇಕಾಗಿಲ್ಲ. ವಿಷಯವು ವಿಭಾಗದ ಕಿಟಕಿಯ ಹೊರಗೇ ಕುಳಿತಿದೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಕಾಗೆಯನ್ನು ಇಲಿ ಹೆಗ್ಗಣಗಳೊಡನೆ ಪೀಡೆಯ ಪಟ್ಟಿಗೆ ಸೇರಿಸಲಾಗಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿದೆ. ಕಾನೂನು ಅಷ್ಟು ಮಾಡಿದ ಮೇಲೆ ವಿದ್ಯಾಸಂಸ್ಥೆಗಳು ಇನ್ನು ತಡಮಾಡಲು ಕಾರಣವಿಲ್ಲ.